ಪಂಗ್ಲಿಮಾ ಬುಂಟಾಲನ ಮೊಮ್ಮಗ

ಮ್ಯೂಸಿಯಂಗಳಿಗೆಲ್ಲ ಸೋಮವಾರ ರಜೆ ಎಂದು ಯಾರೋ ಹೇಳಿದ್ದನ್ನು ನಂಬಿ ತಾಲಿಪ್ ಸೋಮವಾರವನ್ನೇ ಆರಿಸಿಕೊಂಡಿದ್ದ. ಉಪಾಯ ಸರಳವಾಗಿತ್ತು. ಮೊಮ್ಮಕ್ಕಳಿಬ್ಬರನ್ನು ದೋಣಿ ಹತ್ತಿಸಿ ದ್ವೀಪದಿಂದ ಪಟ್ಟಣಕ್ಕೆ ಕರೆತರುವುದು, ಮುಚ್ಚಿದ ಬಾಗಿಲ ಮುಂದೆ ನಿಂತು ‘ಅಯ್ಯೋ’ ಎನ್ನುವುದು, ಐಸ್ ಹಾಕಿದ ಚಹಾ ಕುಡಿಸುವುದು, ಮಧ್ಯಾಹ್ನದ ದೋಣಿಗೆ ಮರಳುವುದು. ಒಂದು ವರ್ಷದಿಂದ ಮಕ್ಕಳು ಕೊಡುತ್ತಿದ್ದ ಕಾಟ ಅಲ್ಲಿಗೆ ಮುಗಿಯುತ್ತಿತ್ತು, ಕರೆದುಕೊಂಡು ಹೋದ ಹೆಸರೂ ಉಳಿಯುತ್ತಿತ್ತು. ದೋಣಿಯಲ್ಲಿ ಕೂತು ಆ ‘ಅಯ್ಯೋ’ವನ್ನು ಮನಸ್ಸಿನಲ್ಲೇ ಬೇರೆ ಬೇರೆ ರೀತಿ ಅಂದು ನೋಡಿ, ಕೊನೆಗೆ ಸ್ವಲ್ಪ ಸಿಟ್ಟು ಬೆರೆತ ಒಂದನ್ನು ಆರಿಸಿಟ್ಟುಕೊಂಡಿದ್ದ. ಅಷ್ಟು ಚೆನ್ನಾಗಿ ತಯಾರಾಗಿದ್ದ ‘ಅಯ್ಯೋ’, ಮ್ಯೂಸಿಯಮ್ಮಿನ ಬಾಗಿಲು ಹಾರುಹೊಡೆದಿರುವುದನ್ನು ಕಂಡು ತಾನಾಗಿಯೇ ಬಾಯಿಂದ ಬಿದ್ದುಹೋಯಿತು. ಶಾಲೆಗಳಿಗೆ ರಜೆ ಇರುವುದರಿಂದ ಈ ತಿಂಗಳೆಲ್ಲ ಸೋಮವಾರವೂ ತೆರೆದಿರುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದರು. ಪಕ್ಕದಲ್ಲಿ ಗಾರೆಯ ಕಡಲ್ಗಳ್ಳನೊಬ್ಬ ಕತ್ತಿ ಎತ್ತಿ ನಿಂತಿದ್ದ. ಅವನಿಗೆ ಈ ಕಡಲಿನ ಯಾವ ಗಂಡಸಿನ ಮುಖದಲ್ಲೂ ಬೆಳೆಯದಷ್ಟು ದೊಡ್ಡ ಗಡ್ಡ ಇಟ್ಟಿದ್ದರು.

“ಇವನೇನಾ ಅತೋಕ್, ನಿಮ್ಮಜ್ಜ?” ಎಂದು ಆರು ವರ್ಷದ ಇಜಾನ್ ಅಜ್ಜನ ಕೈ ಜಗ್ಗಿದ. ಮೊಮ್ಮಕ್ಕಳಿಗೆ ತಾಲಿಪ್ ಅಂದರೆ ಅತೋಕ್, ಅಜ್ಜ.

“ಇವನಾ? ಛೆ, ಛೆ. ಇವನು ಹೊರಗೆ ನಿಲ್ಲೋ ಕೂಲಿಯೋನು. ನಮ್ಮಜ್ಜ ಬಂದ್ರೆ ಇವನು ಆ ಕತ್ತೀನ ಬೆನ್ನ ಹಿಂದೆ ಬಚ್ಚಿಟ್ಕೋತಿದ್ದ.”

ಹೇಳಿಬಿಟ್ಟ ಮೇಲೆ ತನ್ನ ಬಾಯಿಯ ಬಗ್ಗೆ ತಾಲಿಪನಿಗೇ ಬೇಸರವಾಯಿತು. ಇಂಥ ಹೊತ್ತಿನಲ್ಲಾದರೂ ಸುಮ್ಮನಿರಬಾರದೇ? ಆದರೆ ಆ ಬಾಯಿ ಸುಮ್ಮನಿದ್ದು ಗೊತ್ತೇ ಇರಲಿಲ್ಲ. ದೋಣಿಕಟ್ಟೆಯ ಮೇಲೆ ತೆಂಗಿನ ಗರಿಯಲ್ಲಿ ಮಸಾಲೆ ಮೀನು ಸುತ್ತಿ ಕೆಂಡದ ಮೇಲೆ ಸುಡುವ ಅಂಗಡಿ ಅವನದು. ಮೀನು ಬೇಯುವಷ್ಟು ಹೊತ್ತು ಗಿರಾಕಿ ಎದ್ದು ಹೋಗದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಒಂದು ಕೈಯಲ್ಲಿ ಬೀಸಣಿಗೆ, ಬಾಯಲ್ಲಿ ಪಂಗ್ಲಿಮಾ ಬುಂಟಾಲ್. ಪಂಗ್ಲಿಮಾ ಅಂದರೆ ಕಡಲ ದಂಡಿನ ನಾಯಕ. ಬುಂಟಾಲ್ ಅಂದರೆ ಸಿಟ್ಟು ಬಂದರೆ ಚೆಂಡಿನ ಹಾಗೆ ಉಬ್ಬುವ ಮುಳ್ಳುಮೀನು. ತಾಲಿಪನ ಕಥೆಯ ಈ ಅಜ್ಜನೂ ಹಾಗೇ ಉಬ್ಬುತ್ತಿದ್ದ. ಡಚ್ಚರ ಫಿರಂಗಿ ಗುಂಡನ್ನು ಹೊಟ್ಟೆಯಿಂದ ತಡೆದು, ಬಿಸಿಯಾಗಿದ್ದುದರಿಂದ ಸ್ವಲ್ಪ ಹೊತ್ತು ಅದರ ಮೇಲೆ ಕಾಫಿ ಕಾಯಿಸಿಕೊಂಡು, ಆಮೇಲೆ ವಾಪಸ್ಸು ಎಸೆದಿದ್ದ. ತನ್ನನ್ನು ಕೇಳದೆ ಇಳಿತ ಆರಂಭಿಸಿದ್ದಕ್ಕೆ ಸಮುದ್ರಕ್ಕೆ ಬೈದಿದ್ದ; ಸಮುದ್ರ ನಾಚಿಕೊಂಡು ಅರ್ಧದಿಂದ ತಿರುಗಿ ಬಂದಿತ್ತು. ಮೀನು ಬೆಂದಲ್ಲಿಗೆ ಕಥೆಯೂ ಬೆಂದಿರುತ್ತಿತ್ತು. ಗಿರಾಕಿಗಳು ನಕ್ಕು, ತಿಂದು, ಮರೆತು ಹೋಗುತ್ತಿದ್ದರು. ಮೊಮ್ಮಕ್ಕಳು ಮಾತ್ರ ನಗಲಿಲ್ಲ, ಮರೆಯಲೂ ಇಲ್ಲ. ಪಟ್ಟಣದ ಹಳೆಯ ಸುಂಕದ ಕಟ್ಟಡದಲ್ಲಿ ಕಡಲ್ಗಳ್ಳರ ಮ್ಯೂಸಿಯಂ ಆಗಿದೆ ಎಂದು ಗೊತ್ತಾದ ದಿನದಿಂದ, ಅಲ್ಲಿ ಬುಂಟಾಲ್ ಇರಲೇಬೇಕು ಎಂದು ಹಟ ಹಿಡಿದು ಕೂತರು. ಮಗಳು ಜುರೈದಾ ಸೌಟು ಕೈಯಲ್ಲಿ ಹಿಡಿದೇ ತೀರ್ಪು ಕೊಟ್ಟಿದ್ದಳು. “ಹೇಳಿದ್ದು ನೀವು ಅಪ್ಪಾ. ತೋರಿಸೋದೂ ನೀವೇ.”

ಒಳಗೆ ಮೇಜಿನ ಹಿಂದೆ ಕೂತಿದ್ದವಳು ಹಾಬ್ಸಾ. ಅವಳ ತವರು ತಾಲಿಪನ ದ್ವೀಪದಲ್ಲೇ; ಹೋದಾಗ ಬಂದಾಗ ಅವನ ಅಂಗಡಿಯಲ್ಲಿ ಮೀನು ಕಟ್ಟಿಸಿಕೊಳ್ಳುವವಳು. ಅವನನ್ನು ಕಂಡದ್ದೇ ಮುಖ ಅರಳಿತು, ಆಮೇಲೆ ಮಕ್ಕಳನ್ನು ಕಂಡು ಇನ್ನೂ ಅರಳಿತು.

“ಓಹೋ, ಪಾಕ್ ತಾಲಿಪ್! ಅಜ್ಜನ್ನ ಹುಡ್ಕೊಂಡು ಬಂದ್ರಾ?” ಎಂದು, ಹಿರಿಯರ ಹೆಸರಿಗೆ ಹಚ್ಚುವ ‘ಪಾಕ್’ ಹಚ್ಚಿಯೇ ಕರೆದಳು.

“ಸುಮ್ನೆ ಮಕ್ಕಳಿಗೆ ತೋರ್ಸೋಣ ಅಂತ ಹಾಬ್ಸಾ...”

“ಬನ್ನಿ ಬನ್ನಿ. ಬೆಳಿಗ್ಗೆಯಿಂದ ಬಂದೋರೆಲ್ಲ ಕಡಲ್ಗಳ್ಳರ ಮೊಮ್ಮಕ್ಕಳೇ. ಮೊನ್ನೆ ಬ್ಯಾಂಕಿನ ಮ್ಯಾನೇಜರೂ ಬಂದು ಅವರ ಮುತ್ತಾತ ಅಂತ ಒಂದು ಗೊಂಬೆ ಪಕ್ಕ ನಿಂತು ಫೋಟೋ ಹೊಡಿಸ್ಕೊಂಡ್ರು. ಈ ಕಡೆ ಇದ್ದೋರೆಲ್ಲ ಕಳ್ಳರೇ ಆಗಿದ್ರೆ ಪಾಪ, ಯಾರನ್ನ ದೋಚಿ ಬದುಕಿದ್ರೋ!”

ಒಂಬತ್ತು ವರ್ಷದ ಮೆಲೂರ್ ಇದನ್ನು ಕೇಳಿ ಅಜ್ಜನ ಮುಖ ನೋಡಿದಳು. ಅವಳ ನೋಟ ಸ್ವಲ್ಪ ದೀರ್ಘವೇ. ಹುಟ್ಟಿದಾಗಿನಿಂದ ಅವಳು ಜನರನ್ನು ಹೀಗೆ, ಮೀನು ತಾಜಾ ಇದೆಯೋ ಇಲ್ಲವೋ ಎಂದು ಕಿವಿರು ಎತ್ತಿ ನೋಡುವವರ ಹಾಗೆ ನೋಡುತ್ತಾಳೆ. ತಾಲಿಪ್ ಮುಖವನ್ನು ಚಾವಣಿಯ ಕಡೆ ತಿರುಗಿಸಿ, “ಎಂಥಾ ಗಟ್ಟಿ ತೊಲೆ ನೋಡಮ್ಮಾ” ಎಂದ.

ಗೋಡೆಗೆಲ್ಲ ಗಾಢ ನೀಲಿ ಬಣ್ಣ. ಎಲ್ಲೋ ಒಂದು ಪೆಟ್ಟಿಗೆಯಿಂದ ಅಲೆಗಳ ಸದ್ದು ಬರುತ್ತಿತ್ತು. ಹೊರಗೆ ಕಿಟಕಿಯಾಚೆ ನಿಜವಾದ ಅಲೆಗಳಿದ್ದರೂ ಅವುಗಳಿಗೆ ಕೇಳಿಸುವ ಅವಕಾಶ ಇರಲಿಲ್ಲ. ಉದ್ದ ಮೂತಿಯ ಹಾಯಿದೋಣಿಗಳ ಮಾದರಿಗಳು, ತುಕ್ಕು ಹಿಡಿದ ಚಿಕ್ಕ ಫಿರಂಗಿ, ಈಟಿಗಳು, ಹರಿದ ಪಟ. ಒಂದು ಮೂಲೆಯಲ್ಲಿ ಒಣಗಿದ ಎಲೆಚಾಪೆಗಳನ್ನು ಸುರುಳಿ ಸುತ್ತಿ ನಿಲ್ಲಿಸಿದ್ದರು, ದೋಣಿಯ ಮೇಲೆ ಮಾಡಾಗಿ ಹೊದಿಸುವ ಚಾಪೆಗಳು. ಅದರ ವಾಸನೆ ಮೂಗಿಗೆ ತಾಗಿದ್ದೇ ತಾಲಿಪನ ಕಾಲು ನಿಂತುಹೋಯಿತು. ಒಣಗಿದ ಎಲೆ, ಉಪ್ಪು, ಸೀಮೆಎಣ್ಣೆಯ ಹೊಗೆ, ಇವು ಮೂರೂ ಬೆರೆತು ಆಗುವ ವಾಸನೆ ಜಗತ್ತಿನಲ್ಲಿ ಒಂದೇ ಕಡೆ ಇತ್ತು: ಅಜ್ಜ ಅಪುಂಗನ ಕಂಕುಳಲ್ಲಿ. ಬುಂಟಾಲ್ ಅಲ್ಲ, ಅಪುಂಗ, ತಾಲಿಪನ ನಿಜವಾದ ಅಜ್ಜ. ಹುಟ್ಟಿದ್ದು ದೋಣಿಯಲ್ಲಿ, ಮದುವೆಯಾದದ್ದು ದೋಣಿಯಲ್ಲಿ, ಮುದುಕನಾದದ್ದೂ ದೋಣಿಯಲ್ಲಿ. ಆಮೇಲೆ ಸರ್ಕಾರದವರು ಬಂದು ಕಡಲ ಜನರೆಲ್ಲ ಇನ್ನು ಮನೆಗಳಲ್ಲಿ ಇರಬೇಕು ಎಂದು ದಡದಂಚಿನಲ್ಲಿ ಕಂಬ ಹೂಳಿ ಕಟ್ಟಿಸಿಕೊಟ್ಟ ಮನೆಯಲ್ಲಿ, ನೆಲ ಅಲುಗಾಡುವುದಿಲ್ಲ ಎಂಬ ಕಾರಣಕ್ಕೆ ನಿದ್ದೆ ಬಾರದೆ ಒದ್ದಾಡಿದ್ದ ಸಣ್ಣ ಮುದುಕ. ಅವನು ಯಾರಿಗೂ ಹೊಡೆದದ್ದಿಲ್ಲ. ಸೊಳ್ಳೆಯನ್ನೂ ಹೊಡೆಯದೆ ಊದಿ ಕಳಿಸುತ್ತಿದ್ದ. ದಿನಾ ಸಂಜೆ ಮನೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಗೆ ಮಣ್ಣು ಹಚ್ಚಿ ಉಜ್ಜಿ ಒಂದು ಸಲ, ಬರಿಯ ನೀರಿನಲ್ಲಿ ಆರು ಸಲ ತೊಳೆದು, ಆಮೇಲೆ ನಮಾಜಿಗೆ ನಿಲ್ಲುತ್ತಿದ್ದ. ನಾಯಿ ಮುಟ್ಟಿದವರು ಹಾಗೆ ತೊಳೆಯಬೇಕು. ಕೇರಿಯ ಬೀದಿನಾಯಿಗಳೆಲ್ಲ ಅವನ ಕೈ ನೆಕ್ಕಿಯೇ ಮಲಗುತ್ತಿದ್ದುದರಿಂದ ಅವನಿಗೆ ತೊಳೆಯದೆ ಗತಿಯಿರಲಿಲ್ಲ. ಎದುರು ಮನೆಯ ಹುಡುಗರು “ನಾಯಿ ಜನ, ನಾಯಿ ಜನ” ಎಂದು ಬೇಲಿಯಾಚೆಯಿಂದ ಬೊಗಳಿ ಓಡುತ್ತಿದ್ದರು. ಅಂಥದೇ ಒಂದು ಸಂಜೆ ಪುಟ್ಟ ತಾಲಿಪ್ ಬೇಲಿಯ ಹತ್ತಿರ ಹೋಗಿ, ತನಗೇ ಗೊತ್ತಿಲ್ಲದೆ, “ಅದು ನಾಯಿ ಎಂಜಲು ತೊಳೆಯೋದಲ್ಲ ಕಣ್ರೋ. ರಕ್ತ” ಎಂದಿದ್ದ. ಹುಡುಗರು ಬೊಗಳುವುದನ್ನು ನಿಲ್ಲಿಸಿದರು. ಆ ಮೌನ ಎಷ್ಟು ಸೊಗಸಾಗಿತ್ತೆಂದರೆ, ಮಾರನೆಯ ದಿನ ಇನ್ನೂ ಸ್ವಲ್ಪ ಬೇಕೆನಿಸಿತು.

“ಅತೋಕ್, ಇಲ್ಲಿ ಹೆಸರುಗಳಿವೆ!” ಮೆಲೂರ್ ಗೋಡೆಯ ಹತ್ತಿರ ನಿಂತು ಕರೆಯುತ್ತಿದ್ದಳು. ನೀಲಿಯ ಮೇಲೆ ಬಿಳಿಯ ಅಕ್ಷರದಲ್ಲಿ ಪ್ರಸಿದ್ಧ ಕಡಲ್ಗಳ್ಳರ ಹೆಸರುಗಳು. ಅವಳು ಬೆರಳಿಟ್ಟು ಓದುತ್ತ ಕೊನೆ ಮುಟ್ಟಿದಳು, ಮತ್ತೆ ಮೇಲಕ್ಕೆ ಹೋದಳು. “ಬುಂಟಾಲ್ ಇಲ್ಲ.”

“ಇರಲ್ಲ.”

“ಯಾಕೆ?”

“ಹೆಸರು ಗೊತ್ತಾದೋರೆಲ್ಲ ಸಿಕ್ಕಿಬಿದ್ದೋರು ಮಗಳೇ. ಸಿಕ್ಕದೇ ಹೋದೋನ ಹೆಸರು ಹೆಂಗೆ ಬರೀತಾರೆ? ಅದೇ ಅಲ್ವಾ ನಮ್ಮಜ್ಜನ ದೊಡ್ಡಸ್ತಿಕೆ?”

ಇದು ಒಳ್ಳೆಯ ಉತ್ತರ ಎಂದು ತಾಲಿಪನಿಗೆ ಅನ್ನಿಸಿತು. ಇಜಾನನಿಗಂತೂ ಅನ್ನಿಸಿತು, ಅವನು ಪ್ರಸಿದ್ಧರ ಪಟ್ಟಿಯನ್ನು ತಾತ್ಸಾರದಿಂದ ನೋಡಿ, “ಎಲ್ಲಾ ಸಿಕ್ಕಿಬಿದ್ದೋರು” ಎಂದ. ಮೆಲೂರ್ ತುಟಿ ಕಚ್ಚಿ ಯೋಚಿಸಿದಳು.

“ಹಂಗಾದ್ರೆ ನಿಮಗೆ ಹೆಂಗೆ ಗೊತ್ತಾಯ್ತು?”

“ನನ್ನಜ್ಜ ಅಲ್ವೇನೇ! ಮನೇಲಿ ಗೊತ್ತಿರುತ್ತಪ್ಪ.”

“ಮನೇಲಿ ಏನಂತ ಕರೀತಿದ್ರು?”

ಬುಂಟಾಲನಿಗೆ ಮನೆಯೇ ಇರಲಿಲ್ಲ ಎಂಬುದು ತಾಲಿಪನಿಗೆ ಈಗ ಹೊಳೆಯಿತು. ಇಷ್ಟು ವರ್ಷ ಅವನು ಕಟ್ಟಿದ್ದು ಹೊಟ್ಟೆ, ಕತ್ತಿ, ಫಿರಂಗಿ ಇಷ್ಟನ್ನೇ. ಆ ಮನುಷ್ಯ ಎಲ್ಲಿ ಮಲಗುತ್ತಿದ್ದ, ಕೆಮ್ಮಿದರೆ ಹೇಗೆ ಕೆಮ್ಮುತ್ತಿದ್ದ, ಯಾರನ್ನು ಏನೆಂದು ಕರೆಯುತ್ತಿದ್ದ, ಒಂದೂ ಗೊತ್ತಿಲ್ಲ. ಅಪುಂಗನ ಕೆಮ್ಮು ಗೊತ್ತು. ಅಪುಂಗ ಅನ್ನದ ಕೊನೆಯ ತುತ್ತನ್ನು ತಟ್ಟೆಯಂಚಿಗೆ ಸರಿಸಿ ಇಡುತ್ತಿದ್ದುದು ಗೊತ್ತು. ಅದು ಯಾರಿಗೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ತಾಯಿ ತಂದೆ ಹೋದರು, ಅಕ್ಕ ಹೋದಳು, ಆ ಕೇರಿಯ ಮುದುಕರೆಲ್ಲ ಹೋದರು. ಲೆಕ್ಕ ಹಾಕಿದರೆ ಅಪುಂಗನ ಮುಖ ಈಗ ಇಡೀ ಭೂಮಿಯ ಮೇಲೆ ಉಳಿದಿರುವುದು ಒಂದೇ ಒಂದು ತಲೆಯಲ್ಲಿ, ಅದೂ ಇಂಥ ತಲೆಯಲ್ಲಿ. ಈ ಇಬ್ಬರು ಮಕ್ಕಳ ತಲೆಯಲ್ಲಿ ಬುಂಟಾಲ್ ಉಬ್ಬಿ ಕೂತಿದ್ದಾನೆ, ಬೇರೆಯವರಿಗೆ ಜಾಗವಿಲ್ಲ. ತಾನು ಹೋದ ದಿನ ಅಪುಂಗನೂ ಹೋಗುತ್ತಾನೆ. ಬುಂಟಾಲ್ ಮಾತ್ರ ಕಾಫಿ ಕಾಯಿಸಿಕೊಂಡು ಇರುತ್ತಾನೆ. ತಾಲಿಪನಿಗೆ ಬೆವರಿತು. ಈ ಮ್ಯೂಸಿಯಮ್ಮಿನವರು ಗಾಳಿಯಂತ್ರ ಹಾಕಿಸಬೇಕಿತ್ತು ಎಂದುಕೊಂಡ. ಅದು ಅವನ ನೆತ್ತಿಯ ಮೇಲೇ ತಿರುಗುತ್ತಿತ್ತು.

ಪಕ್ಕದ ಕೋಣೆಯಲ್ಲಿ ಯಾವುದೋ ಊರಿನ ಶಾಲೆಯ ಮಕ್ಕಳು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಎಳೆಯ ಮೇಷ್ಟರೊಬ್ಬ ಹಗ್ಗ ಕಟ್ಟಿದ ಒಂದು ಕಟ್ಟೆಯ ಮುಂದೆ ನಿಂತು ಏನನ್ನೋ ವಿವರಿಸುತ್ತಿದ್ದ. ಕಟ್ಟೆಯ ಮೇಲೆ ಮನುಷ್ಯನುದ್ದದ ಒಂದು ಮರದ ವಸ್ತು ಇತ್ತು. ಒಂದೇ ದಿಮ್ಮಿಯನ್ನು ತೋಡಿ, ಒಳಗೆ ಅಡ್ಡಗೋಡೆಗಳನ್ನು ಬಿಟ್ಟು, ಸಾಲಾಗಿ ಪುಟ್ಟ ಪುಟ್ಟ ಗುಳಿ ಮಾಡಿದ್ದು. ಮೆಲೂರ್ ಹಗ್ಗದ ಕೆಳಗೆ ತೂರಿ ಗಟ್ಟಿಯಾಗಿ ಓದಿದಳು. “‘ಕಡಲ್ಗಳ್ಳರು ಲೂಟಿಯನ್ನು ಪಾಲು ಮಾಡಿಕೊಳ್ಳುತ್ತಿದ್ದ ಪಾತ್ರೆ. ಅಂಚಿನ ಗುರುತುಗಳು ಪಾಲಿನ ಜಗಳದಲ್ಲಿ ಬಿದ್ದ ಕತ್ತಿಯೇಟುಗಳೆಂದು ಊಹಿಸಲಾಗಿದೆ.’ ಅತೋಕ್, ಬುಂಟಾಲ್ ಇದ್ರಲ್ಲೇ ಚಿನ್ನ ಹಂಚಿದ್ದಾ?”

ಹೌದು ಎನ್ನಬಹುದಿತ್ತು. ಅಷ್ಟು ಸುಲಭದ ಹೌದು ಅವನ ಜೀವನದಲ್ಲೇ ಸಿಕ್ಕಿರಲಿಲ್ಲ; ಸರ್ಕಾರವೇ ಫಲಕ ಬರೆದು ಕೈಗೆ ಕೊಟ್ಟಿತ್ತು. ಆದರೆ ತಾಲಿಪನ ಕೈ ಆಗಲೇ ಹಗ್ಗ ದಾಟಿ ಮರದ ಅಂಚನ್ನು ಮುಟ್ಟಿತ್ತು. ಬೆರಳುಗಳು ಒಂದೊಂದೇ ಕಚ್ಚಿನೊಳಗೆ ಇಳಿದವು. ಕತ್ತಿಯೇಟು ಹೀಗೆ ಇರುವುದಿಲ್ಲ. ಕತ್ತಿಗೆ ಇಷ್ಟು ಹಸಿವು ಇರುವುದಿಲ್ಲ. ಇಂಥದೇ ಬಾನಿ ಅಪುಂಗನ ದೋಣಿಯಲ್ಲಿತ್ತು. ಹಾಸಿಗೆ ಚಿಂದಿ ತುಂಬಿ ಮಗು ತಾಲಿಪನನ್ನು ಅದರೊಳಗೇ ಮಲಗಿಸುತ್ತಿದ್ದರಂತೆ. “ನಾಯಿಗಳೆಲ್ಲ ಮುಗಿದ ಮೇಲೆ ಬಂದ ಮರಿ ನೀನು” ಎಂದು ಅಜ್ಜಿ ಕೆನ್ನೆ ಹಿಂಡುತ್ತಿದ್ದಳು. ಹಲ್ಲು ಬರುವ ಹೊತ್ತಿನಲ್ಲಿ ಅವನು ಆ ಅಂಚನ್ನೇ ಕಚ್ಚಿ ಅಳು ನಿಲ್ಲಿಸುತ್ತಿದ್ದನಂತೆ. ಇದು ಅದೇ ಬಾನಿಯೋ, ಬೇರೆಯೋ, ದೇವರಿಗೇ ಗೊತ್ತು. ಆದರೆ ಸುಳ್ಳು ಹೇಳುವುದರಲ್ಲಿ ಕೂದಲು ಬೆಳ್ಳಗಾದ ಆ ಮನುಷ್ಯನಿಗೆ, ಬೇರೆಯವರು ಬರೆದಿಟ್ಟ ಸುಳ್ಳನ್ನು ಓದಿ ಎಲ್ಲಿಲ್ಲದ ಸಿಟ್ಟು ಬಂತು. ಇದೆಂಥ ಅನ್ಯಾಯ? ಹೇಳುವವರು ಕೇಳುವವರು ಇಲ್ಲವೇ?

“ಲೂಟಿ ಅಲ್ಲ ಇದು! ನಾಯಿ ಬಾನಿ!”

ಟೋಪಿಗಳೆಲ್ಲ ಒಟ್ಟಿಗೆ ತಿರುಗಿದವು. ಮೇಷ್ಟರು ವಿನಯದಿಂದಲೇ, “ಏನಂದ್ರಿ ಪಾಕ್?” ಎಂದ.

“ನಾಯಿಗೆ ಕೂಳು ಹಾಕೋ ಬಾನಿ ಮೇಷ್ಟ್ರೇ. ನಡುವೆ ಗೋಡೆ ಯಾಕೆ ಬಿಟ್ಟಿದಾರೆ ಗೊತ್ತಾ? ಒಂದರ ಕೂಳಿಗೆ ಇನ್ನೊಂದು ಬಾಯಿ ಹಾಕ್ಬಾರ್ದು ಅಂತ. ಕತ್ತಿ ಏಟಂತೆ! ಹಲ್ಲಿನ ಗುರ್ತು ಇವು. ಸುಲ್ತಾನರ ಬೇಟೆನಾಯಿಗಳ ಹಲ್ಲು.”

“ಸುಲ್ತಾನರ ನಾಯಿಗೂ ಕಡಲ್ಗಳ್ಳರಿಗೂ ಏನು ಸಂಬಂಧ?”

“ಸಂಬಂಧ ಇದೆ. ಕಡಲ ಮೇಲೆ ಇದ್ದೋರಿಗೆಲ್ಲ ಸುಲ್ತಾನರು ಕುಲಕ್ಕೊಂದು ಕೆಲಸ ಅಂತ ಹಂಚಿದ್ರು. ಒಂದು ಕುಲ ಹುಟ್ಟು ಹಾಕೋದು, ಒಂದು ಕುಲ ಈಟಿ ಮಾಡೋದು, ಒಂದು ಕುಲ ಸುದ್ದಿ ಒಯ್ಯೋದು, ಒಂದು ಕುಲ ಹೋಗೋ ಹಡಗು ಅಡ್ಡಗಟ್ಟೋದು. ನಮ್ಮ ಕುಲಕ್ಕೆ ನಾಯಿ. ದ್ವೀಪದಿಂದ ದ್ವೀಪಕ್ಕೆ ಬೇಟೆಗೆ ಹೋಗೋವಾಗ ನಾಯಿಗಳನ್ನ ದೋಣೀಲಿ ತುಂಬ್ಕೊಂಡು ಹೋಗ್ಬೇಕು. ಅಲೆ ಜೋರಾದ್ರೆ ಅವಕ್ಕೆಲ್ಲ ವಾಂತಿ. ನಮ್ಮಜ್ಜ ಒಂದೊಂದರ ಹೊಟ್ಟೆ ಸವರ್ಕೊಂಡು ಕೂತಿರ್ತಿದ್ದ.”

ಮಾತು ಮುಗಿಯುವ ಮೊದಲೇ ಟೋಪಿಗಳ ಸಾಲಿನಲ್ಲಿ ನಗು ಹೊತ್ತಿಕೊಂಡಿತು. “ನಾಯಿಗೆ ವಾಂತಿ!” ಎಂದ ಒಬ್ಬ. ಇನ್ನೊಬ್ಬ ವಾಂತಿ ಮಾಡುವ ನಾಯಿಯಾಗಿ ನೆಲಕ್ಕೆ ಬಗ್ಗಿದ. ಗದ್ದಲ ಕೇಳಿ ಬಂದ ಹಾಬ್ಸಾ ಬಾಗಿಲಲ್ಲೇ ನಿಂತು ಸೆರಗಿನಷ್ಟು ಉದ್ದದ ತಲೆವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, “ಕೇಳಿ ಮೇಷ್ಟ್ರೇ, ಚೆನ್ನಾಗಿ ಕೇಳಿ. ಇವರದ್ದು ದುಡ್ಡು ಕೊಟ್ರೂ ಸಿಗಲ್ಲ. ಇದು ಹೊಸಾದು ಪಾಕ್, ಬುಂಟಾಲನಿಗಿಂತ ಚೆನ್ನಾಗಿದೆ!” ಎಂದಳು.

“ಹೊಸಾದಲ್ಲ ಹಾಬ್ಸಾ. ಇದು ನಿಜ.”

“ಅದೇ ನೋಡಿ, ಮುಖ ಹೆಂಗಿಟ್ಕೊಂಡು ಹೇಳ್ತಾರೆ!”

ತಾಲಿಪನಿಗೆ ವಿಚಿತ್ರ ಸಂಕಟವಾಯಿತು. ಸುಳ್ಳಿಗೆ ಬೇಕಾದ ಸಾಮಾನೆಲ್ಲ ಅವನ ಹತ್ತಿರ ಇತ್ತು, ಯಾವ ಜಾಗದಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಬೀಸಣಿಗೆ ನಿಲ್ಲಿಸಬೇಕು ಎಲ್ಲ ಗೊತ್ತು. ನಿಜಕ್ಕೆ ಏನು ಬಳಸಬೇಕೆಂದು ಗೊತ್ತಿರಲಿಲ್ಲ. ಗಟ್ಟಿಯಾಗಿ ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳುತ್ತಿತ್ತು. ಮೆಲೂರ್ ಬಂದು ಅಂಗಿಯ ತುದಿ ಹಿಡಿದು, ತುಟಿ ಅಲುಗಿಸದೆ, “ಸಾಕು ಅತೋಕ್. ನಗ್ತಿದಾರೆ” ಎಂದಳು. ಅವಳ ಕಿವಿ ಕೆಂಪಾಗಿತ್ತು. ಆ ಕಿವಿಯ ಬಿಸಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಹೆಂಗೆ ಕರೀತಿದ್ರು ಅವನ್ನ?” ಟೋಪಿಯ ಹುಡುಗನೊಬ್ಬ ಕೇಳಿದ. “ಸುಲ್ತಾನರ ನಾಯಿಗೆ ಏನಂತ ಕರೀಬೇಕು? ‘ದಯಮಾಡಿಸಿ’ ಅಂತಾನಾ?”

ಕರೆ ಇತ್ತು. ಹೆಸರು ಹಿಡಿದು ಅಲ್ಲ, ಸಿಳ್ಳೆಯೂ ಅಲ್ಲ. ನಾಲಿಗೆಯನ್ನು ಕೆಳಗೆ ಮಲಗಿಸಿ ಉಸಿರನ್ನು ಹಲ್ಲಿನ ಮೇಲಿಂದ ಜಾರಿಸಿದರೆ ಆಗುವ ಒಂದು ತೆಳ್ಳನೆಯ ಸದ್ದು, ನೀರಿನ ಮೇಲೆ ದೂರ ಹೋಗುವಂಥದು. ತೋರಿಸಿಯೇಬಿಡುತ್ತೇನೆ ಎಂದು ತಾಲಿಪ್ ಎದೆ ತುಂಬ ಗಾಳಿ ತೆಗೆದುಕೊಂಡು ಊದಿದ. ಬಾಯಲ್ಲಿದ್ದ ಹಲ್ಲುಸೆಟ್ಟು ಜಾಗ ಬಿಟ್ಟು ಕಟಕಟ ಎಂದಿತು. ಸದ್ದಿನ ಬದಲು ಸುಲ್ತಾನರ ಬಾನಿಯ ಮೇಲೆ ಸ್ವಲ್ಪ ಉಗುಳು ಬಿತ್ತು. ಈ ಸಲ ಮೇಷ್ಟರೂ ನಕ್ಕ. ತಾಲಿಪ್ ಅಂಗಿಯ ತೋಳಿನಿಂದ ಬಾನಿಯನ್ನು ಒರೆಸಿ, ಮಕ್ಕಳ ಕೈ ಹಿಡಿದು ಹೊರಗೆ ಬಂದ. ಗಾರೆಯ ಗಡ್ಡದವನ ಕಡೆ ನೋಡಲಿಲ್ಲ.

ದೋಣಿಕಟ್ಟೆಯ ಮೇಲೆ ಬಿಸಿಲು ಚಪ್ಪಟೆಯಾಗಿ ಬಿದ್ದಿತ್ತು. ತಗಡಿನ ಮಾಡಿನ ಕೆಳಗೆ ಬೆಂಚಿನ ಮೇಲೆ ಮೂವರೂ ಕೂತರು. ಐಸ್ ಹಾಕಿದ ಚಹಾದ ಪ್ಲಾಸ್ಟಿಕ್ ಪೊಟ್ಟಣಗಳು ಕೈಯಲ್ಲಿ ಬೆವರುತ್ತಿದ್ದವು. ಮೆಲೂರ್ ಸ್ಟ್ರಾ ಕಚ್ಚುತ್ತ, “ನಮ್ಮ ಕ್ಲಾಸಲ್ಲಿ ಎಲ್ರ ಅಜ್ಜನೂ ಕಡಲ್ಗಳ್ಳನೇ” ಎಂದಳು. ಅದು ದೂರೋ ಸಮಾಧಾನವೋ ತಿಳಿಯಲಿಲ್ಲ. ಆಮೇಲೆ, “ಆ ನಾಯಿಗಳು ಏನಾದವು? ಕಥೆಯಲ್ಲಿ” ಎಂದಳು. ಕಥೆಯಲ್ಲಿ ಎಂಬ ಮಾತನ್ನು ಒತ್ತಿ ಹೇಳಿದಳು.

ತಾಲಿಪ್ ಹೇಳಿದ. ಡಚ್ಚರು ಬಂದು ಸುಲ್ತಾನರ ಗದ್ದುಗೆ ತೆಗೆದರು. ಸುಲ್ತಾನರು ಹೊಗೆಹಡಗು ಹತ್ತಿ ಹೋದರು. ನಾಯಿಗಳಿಗೆ ಯಾರೂ ಹೇಳಲಿಲ್ಲ. ಅವು ದೋಣಿಕಟ್ಟೆಯ ಮೇಲೆ ಕೂತು ಸಮುದ್ರ ನೋಡುತ್ತಿದ್ದವು. ಅಪುಂಗ ಆಗ ಮೀಸೆ ಬಾರದ ಹುಡುಗ. ಸಂಬಳ ಕೊಡುವವರಿಲ್ಲ, ಕೆಲಸ ಬಿಡು ಎನ್ನುವವರೂ ಇಲ್ಲ. ಮೀನು ಹಿಡಿದು ತಂದು ಬಾನಿಯ ಒಂದೊಂದು ಗುಳಿಗೂ ಹಾಕುತ್ತಿದ್ದ. ನಾಯಿ ಒಂದೊಂದೇ ಸತ್ತಂತೆ ಒಂದೊಂದು ಗುಳಿ ಖಾಲಿ ಬಿಡುತ್ತಿದ್ದ. ಕೊನೆಯದು ಕುರುಡಾಗಿತ್ತು, ಆ ಕರೆ ಕೇಳಿದರೆ ಮಾತ್ರ ಬಂದು ತಿನ್ನುತ್ತಿತ್ತು. ತಾಲಿಪ್ ಇಷ್ಟು ಹೇಳಿ ನಿಲ್ಲಿಸಿದ. ಇದಕ್ಕೆ ಇನ್ನೇನಾದರೂ ಸೇರಿಸಬಾರದೇ ಎಂದು ನಾಲಿಗೆ ತುರಿಸುತ್ತಿತ್ತು. ಕುರುಡು ನಾಯಿ ಈಜಿಕೊಂಡು ಸುಲ್ತಾನರ ಹಡಗಿನ ಬೆನ್ನು ಹತ್ತಿತು ಎಂದರೆ ಎಷ್ಟು ಚೆನ್ನಾಗಿರುತ್ತಿತ್ತು. ಸೇರಿಸಲಿಲ್ಲ. ಹಾಗೆ ನಿಲ್ಲಿಸಿದ್ದು ಅವನಿಗೆ ಭಾರ ಎತ್ತಿದಷ್ಟು ಆಯಾಸ ತಂದಿತು.

“ಅಷ್ಟೇನಾ?” ಎಂದ ಇಜಾನ್.

“ಅಷ್ಟೇ.”

“ಹೊಡೆದಾಟ ಇಲ್ವಾ?”

“ಇಲ್ಲ.”

“ಬುಂಟಾಲೇ ವಾಸಿ” ಎಂದು ಮೆಲೂರ್ ಎದ್ದು ಕಟ್ಟೆಯ ತುದಿಗೆ ಹೋದಳು. ಇಜಾನ್ ಹಿಂದೆ ಓಡಿದ. ತುದಿಯಲ್ಲಿ ನಿಂತು ಇಬ್ಬರೂ ನಾಯಿ ಕರೆಯುವ ಆಟ ಶುರು ಮಾಡಿದರು. ಅಜ್ಜನ ಹಾಗೆ ಊದುವುದು, ಉಗುಳು ಹಾರಿಸುವುದು, ಬಿದ್ದು ಬಿದ್ದು ನಗುವುದು.

ತಾಲಿಪ್ ಬೆಂಚಿನ ಮೇಲೆ ಒಬ್ಬನೇ ಉಳಿದ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಅಪುಂಗ ಆ ಸದ್ದಿನಿಂದ ನಾಯಿಗಳನ್ನಷ್ಟೇ ಅಲ್ಲ, ಮೊಮ್ಮಗನನ್ನೂ ಕರೆಯುತ್ತಿದ್ದ. ಮುಳುಗುಹೊತ್ತಿಗೆ ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದರೂ, ಯಾರ ದೋಣಿಯಲ್ಲಿ ಅಡಗಿದ್ದರೂ, ಆ ಸದ್ದು ಬಂದರೆ ಕಾಲು ತಾನಾಗಿ ಮನೆಯ ಕಡೆ ತಿರುಗುತ್ತಿತ್ತು. ಅದು ಶಾಲೆಗೆ ಸೇರುವ ತನಕ. ಶಾಲೆಯಲ್ಲಿ ಬುಂಟಾಲ್ ಹುಟ್ಟಿದ. ಅಪುಂಗನನ್ನು ಕಂಡೇ ಇರದ ಬೇರೆ ಕೇರಿಯ ಹುಡುಗರು ಸುತ್ತ ಕೂತು ಕಥೆ ಕೇಳತೊಡಗಿದರು. ಆ ಅಜ್ಜ ಸಮುದ್ರದಲ್ಲೇ ಇರುತ್ತಾನೆ, ಊರಿಗೆ ಬಂದರೆ ಹಿಡಿಯುತ್ತಾರೆ ಎಂದು ಹೇಳಿಯಾಗಿತ್ತು. ಒಂದು ಮಧ್ಯಾಹ್ನ, ಕಥೆ ಚೆನ್ನಾಗಿ ಬೇಯುತ್ತಿದ್ದ ಹೊತ್ತಿಗೆ, ಬೇಲಿಯ ಬಾಗಿಲಲ್ಲಿ ಆ ಸದ್ದು ಬಂತು. ಮೊಮ್ಮಗ ಬುತ್ತಿ ಮರೆತು ಬಂದಿದ್ದ. ಅಪುಂಗ ಬಾಳೆಯೆಲೆಯ ಪೊಟ್ಟಣ ಹಿಡಿದು ನಿಂತಿದ್ದ, ಸುತ್ತ ಬೀದಿನಾಯಿಗಳು. ಇನ್ನೊಂದು ಸಲ ಕರೆದ. ನಾಯಿಗಳು ಕಿವಿ ನಿಮಿರಿಸಿದವು. ತಾಲಿಪ್ ತಿರುಗಲಿಲ್ಲ. ಕುತ್ತಿಗೆಯ ನರ ತಿರುಗು ತಿರುಗು ಎಂದು ಎಳೆಯುತ್ತಿತ್ತು, ಅವನು ಹಲ್ಲು ಕಚ್ಚಿ ನೆಲ ನೋಡುತ್ತ ನಿಂತ. “ಯಾರೋ ಆ ಮುದುಕ, ನಿಮ್ಮಜ್ಜನೇನೋ?” ಎಂದ ಒಬ್ಬ ಹುಡುಗ. “ಗೊತ್ತಿಲ್ಲ” ಎಂದ ತಾಲಿಪ್. “ನಮ್ಮಜ್ಜ ಪಂಗ್ಲಿಮಾ.” ಬೇಲಿ ಹತ್ತಿರವೇ ಇತ್ತು, ಅಪುಂಗನ ಕಿವಿ ಚುರುಕಿತ್ತು. ಮುದುಕ ಕೈಯಲ್ಲಿದ್ದ ಪೊಟ್ಟಣ ನೋಡಿದ, ಹುಡುಗರನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಬೆನ್ನು ಬಗ್ಗಿಸಿ, “ಹೌದು ಮಕ್ಕಳೇ. ನಾನು ಪಂಗ್ಲಿಮಾರ ಆಳು. ಮೊಮ್ಮಗ ಊಟ ಮಾಡ್ಲಿಲ್ಲ ಅಂತ ಅವರೇ ಕಳಿಸಿದ್ರು” ಎಂದು ಪೊಟ್ಟಣವನ್ನು ಬೇಲಿಯ ಮೇಲಿಟ್ಟು, ನಾಯಿಗಳನ್ನು ಕರೆದುಕೊಂಡು ಹೊರಟುಹೋದ. ಹುಡುಗರು ಬೆರಗಾಗಿ ಬಾಯಿ ಬಿಟ್ಟರು. ಬುಂಟಾಲ್ ಆ ದಿನ ಖಾಯಂ ಆದ. ಅವನಿಗೆ ಸಾಕ್ಷಿ ನುಡಿದವನು ಅಪುಂಗನೇ. ಮನೆಗೆ ಹೋದಾಗ ಮುದುಕ ಏನೂ ಕೇಳಲಿಲ್ಲ. ಮನೆಯ ಹಿಂದೆ ಕೂತು ಕೈ ತೊಳೆಯುತ್ತಿದ್ದ. ಆದರೆ ಆ ಸಂಜೆಯಿಂದ ಮೊಮ್ಮಗನನ್ನು ಆ ಸದ್ದಿನಿಂದ ಕರೆಯುವುದನ್ನು ಬಿಟ್ಟ. ಎಲ್ಲರ ಹಾಗೆ, ಹೆಸರು ಹಿಡಿದು, “ತಾಲಿಪ್” ಎಂದು ಕರೆಯತೊಡಗಿದ. ಅಷ್ಟು ಚೊಕ್ಕಟವಾದ ಶಿಕ್ಷೆಯನ್ನು ತಾಲಿಪ್ ಮತ್ತೆ ಯಾರ ಕೈಯಲ್ಲೂ ಅನುಭವಿಸಿರಲಿಲ್ಲ. ಅದು ಶಿಕ್ಷೆ ಎಂದು ಮುದುಕನಿಗೆ ಗೊತ್ತಿತ್ತೋ ಇಲ್ಲವೋ.

ದೂರದಲ್ಲಿ ದೋಣಿಯ ಎಂಜಿನ್ ಟಪಟಪ ಎನ್ನುತ್ತ ಬರುತ್ತಿತ್ತು. ತಾಲಿಪ್ ಖಾಲಿಯಾದ ಚಹಾದ ಪೊಟ್ಟಣವನ್ನು ಮಡಿಸುತ್ತಿದ್ದ. ಆಗ ನೀರಿನ ಮೇಲಿಂದ, ತೆಳ್ಳಗೆ, ಉಸಿರಿಗಿಂತ ಸ್ವಲ್ಪವೇ ಗಟ್ಟಿಯಾಗಿ, ಆ ಸದ್ದು ಬಂತು.

ಅದರಲ್ಲಿ ತಪ್ಪಿರಲಿಲ್ಲ. ಮೊದಲು ಜಾರಿ, ನಡುವೆ ಒಂದಿಷ್ಟು ತಡೆದು, ತುದಿಯಲ್ಲಿ ಮೇಲಕ್ಕೆ ಎತ್ತಿಕೊಳ್ಳುವುದು. ತಾಲಿಪನ ಕುತ್ತಿಗೆ ಅವನನ್ನು ಕೇಳದೆ ತಿರುಗಿತು. ಕೈಯಿಂದ ಪೊಟ್ಟಣ ಬಿತ್ತು. ಯಾವಾಗ ಎದ್ದನೋ, ಹಲಗೆಗಳ ಮೇಲೆ ಹೇಗೆ ನಡೆದನೋ, ಅಷ್ಟು ದೂರ ಬಂದ ಮೇಲೆಯೇ ಅವನಿಗೆ ಗೊತ್ತಾಯಿತು. ಕಟ್ಟೆಯ ತುದಿಯಲ್ಲಿ ಇಜಾನ್ ಸಮುದ್ರಕ್ಕೆ ಮುಖ ಮಾಡಿ, ಕತ್ತು ಮುಂದೆ ಚಾಚಿ, ಮತ್ತೆ ಊದುತ್ತಿದ್ದ. ಹೋದ ತಿಂಗಳು ಅವನ ಮುಂದಿನ ಹಲ್ಲುಗಳು ಬಿದ್ದಿದ್ದವು. ಆ ಸಂದಿಯಿಂದ ಉಸಿರು ತನ್ನ ದಾರಿ ಹಿಡಿದು ಹೊರಗೆ ಬರುತ್ತಿತ್ತು. ಅಪುಂಗನಿಗೂ ಮುಂದಿನ ಹಲ್ಲಿರಲಿಲ್ಲ. ಇಷ್ಟು ವರ್ಷ ಅವನ ಮುಖವನ್ನು ಕಾಪಾಡಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದ ತಾಲಿಪನಿಗೆ ಅದು ನೆನಪಾದದ್ದು ಈಗ.

ಮೆಲೂರ್ ನಗುವುದನ್ನು ನಿಲ್ಲಿಸಿದ್ದಳು. ತಮ್ಮನ ಬಾಯಿಯನ್ನು ನೋಡಿದಳು, ಅಜ್ಜನ ಮುಖವನ್ನು ನೋಡಿದಳು. ಕಿವಿರು ಎತ್ತಿ ನೋಡುವ ಆ ನೋಟದಲ್ಲಿ ಬಹಳ ಹೊತ್ತು ನೋಡಿ, “ಅತೋಕ್, ಅವರ ಹೆಸರು ಏನು ಅಂದ್ರಿ?” ಎಂದಳು.

“ಅಪುಂಗ.”

“ಅಪುಂಗ” ಎಂದು ಅವಳು ಒಮ್ಮೆ ಅಂದುಕೊಂಡಳು.

ಇಜಾನ್ ತಿರುಗಿದ. ಇಷ್ಟು ಹತ್ತಿರದಲ್ಲಿ ಅಜ್ಜ ಬಂದು ನಿಂತಿರುವುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು.

“ಏನತೋಕ್?”

“ಏನಿಲ್ಲಪ್ಪ” ಎಂದ ತಾಲಿಪ್. “ಕರೆದ್ಯಲ್ಲ. ಬಂದೆ.”